ಮರಳಿನ ಅಕ್ಷರದಿಂದ ಅಕ್ಷರದ ಚಪ್ಪರದವರೆಗೆ: ಚಿಕ್ಕ ತರಗತಿಯ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಅಸ್ತಿಭಾರ, ಗಂಟೆಗೋಪುರ, ಬಲಿಪೀಠ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವೇ ಮೊದಲಾದ ವಿಷಯಗಳು ಅಗ್ರಸ್ಥಾನವನ್ನು ಪಡೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಈ ಸಂಚಿಕೆಯಲ್ಲಿಯೂ ಆ ವಿಷಯಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ನಾವಾದರೋ ದೇವಾಲಯದ ಅಂಗಳದ ಆಚೆ ಬದಿಯಲ್ಲಿ, ಹಳೆಯ ಮಂಗಳೂರು ಹೆಂಚಿನ ಮಾಡಿನ ಕೆಳಗೆ, ಪ್ರತಿದಿನ ಬೆಳಿಗ್ಗೆ ಗದ್ದಲವೆಬ್ಬಿಸುವ ಒಂದು ಚಿಕ್ಕ ಕೋಣೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ನಮ್ಮ ಶಾಲೆಯ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳು ಒಟ್ಟಾಗಿ ಕುಳಿತು ಕಲಿಯುವ ಕೋಣೆ. ಹಿರಿಯರಲ್ಲಿ ಅನೇಕರು ತಮ್ಮ ಮೊದಲ ಅಕ್ಷರವನ್ನು ತಿದ್ದಿದ್ದು ಅಲ್ಲಿಯೇ. ಇಂದು ಅಲ್ಲಿರುವ ಮಕ್ಕಳ ಸಂಖ್ಯೆ ಬೆರಳೆಣಿಕೆಯದು. ಆ ತರಗತಿಯನ್ನು ಮುಂದುವರಿಸಬೇಕೇ ಮುಚ್ಚಬೇಕೇ ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿದೆ ಎಂಬುದು ಎಲ್ಲರಿಗೂ ವಿದಿತವೇ ಆಗಿದೆ. ಉತ್ತರವನ್ನು ನಿರ್ಣಯಿಸುವ ಮೊದಲು ಇಂತಹ ಚಿಕ್ಕ ತರಗತಿಗಳು ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.

ಮರಳಿನ ಪಾಠ

ನಮ್ಮ ನಾಡಿನಲ್ಲಿ ಸರಕಾರದ ಶಾಲೆಗಳು ಬರುವುದಕ್ಕೆ ಮೊದಲು ಮಕ್ಕಳ ವಿದ್ಯಾಭ್ಯಾಸವು ಜಗಲಿಗಳಲ್ಲಿ, ಗುಡಿಯ ಪಡಸಾಲೆಗಳಲ್ಲಿ, ಮಠಗಳಲ್ಲಿ ನಡೆಯುತ್ತಿತ್ತು. ಇವನ್ನು ಮೈಸೂರು ಸೀಮೆಯಲ್ಲಿ ಕೂಲಿಮಠಗಳೆಂದೂ ಬಡಗಣ ಸೀಮೆಯಲ್ಲಿ ಗಾವಟಿ ಶಾಲೆಗಳೆಂದೂ ಐಗಳ ಮಠಗಳೆಂದೂ ಜನರು ಕರೆಯುತ್ತಿದ್ದರು. ಮದರಾಸು ಪ್ರಾಂತದ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕಳುಹಿಸುವಂತೆ ಕಲೆಕ್ಟರರಿಗೆ ಆಜ್ಞಾಪಿಸಿದರು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಅವರು 1823ರಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕ ಬರಹ. ಅವರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಕಲಿಯುತ್ತಿದ್ದವರು ಒಟ್ಟು 6,641 ಮಂದಿ. ಎಂದರೆ ಒಂದೊಂದು ಶಾಲೆಗೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳು ಮಾತ್ರ. ನಮ್ಮ ಹಿರಿಯರು ಅಕ್ಷರ ಕಲಿತ ಶಾಲೆಗಳೆಲ್ಲವೂ ಚಿಕ್ಕ ಶಾಲೆಗಳೇ ಆಗಿದ್ದವು ಎಂಬುದನ್ನು ಈ ಒಂದು ಲೆಕ್ಕವೇ ಸಾರಿ ಹೇಳುತ್ತದೆ.

ಆ ಮಕ್ಕಳ ದಿನಚರಿ ಹೇಗಿತ್ತು? ಬೆಳಗಿನ ಆರು ಗಂಟೆಗೆ ಪಾಠ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯ ಮೇಲೆ ಗುರುಗಳು ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯದಾಗಿ ಬಂದ ಮಗುವಿನ ಅಂಗೈಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯ ಮಗುವಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯದಕ್ಕೆ ಎರಡು. ಹೀಗೆ ತಡವಾದಷ್ಟೂ ಏಟುಗಳು ಏರುತ್ತಿದ್ದವು. ಹೊಸದಾಗಿ ಸೇರಿದ ಮಗುವು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದಬೇಕು. ಕೈ ಪಳಗಿದ ಮೇಲೆ ಓಲೆಗರಿಯ ಮೇಲೆ ಕಂಠದಿಂದ ಬರೆಯುವುದು, ಇಲ್ಲವೆ ಕಡತದ ಮೇಲೆ ಬಳಪದಿಂದ ಬರೆಯುವುದು. ಕಡತವೆಂದರೆ ಬಟ್ಟೆಗೆ ಇದ್ದಿಲ ಪುಡಿಯನ್ನು ಅಂಟಿನೊಡನೆ ಕಲಸಿ ಬಳಿದು ಒಣಗಿಸಿ ಮಡಿಸಿದ ಪುಸ್ತಕ. ಬರೆದು ಒರೆಸಿ ಮತ್ತೆ ಬರೆಯಬಹುದಾದುದು. ಇಂದು ಕಚೇರಿಗಳಲ್ಲಿ ಕಡತ ವಿಲೇವಾರಿಯಾಗಲಿಲ್ಲವೆಂದು ನಾವು ದೂರುವಾಗ ಆ ಹೆಸರಿನ ಪುಸ್ತಕವು ಒಂದು ಕಾಲಕ್ಕೆ ಮಕ್ಕಳ ಕೈಯಲ್ಲಿಯೂ ಇತ್ತು ಎಂಬುದನ್ನು ಮರೆತಿರುತ್ತೇವೆ.

ಆ ಕಾಲದಲ್ಲಿ ಮಕ್ಕಳಿಗೆ ಇಂದಿನಂತೆ ಭಾನುವಾರದ ರಜೆಯಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಂದು, ಹಬ್ಬಹರಿದಿನಗಳಂದು ಮಠಕ್ಕೆ ಬಿಡುವು. ಸೋಮವಾರದಿಂದ ಶನಿವಾರದವರೆಗೆ ಪಾಠವನ್ನು ಹಂಚಿ, ಭಾನುವಾರ ಬಾಗಿಲು ಹಾಕುವ ಪದ್ಧತಿ ಸರಕಾರದ ಶಾಲೆಗಳೊಡನೆ ಮತ್ತು ಮಿಷನರಿಗಳ ಶಾಲೆಗಳೊಡನೆ ಬಂದುದು.

ಕ್ಯಾಂಬೆಲ್ ಅವರು ಮುಖ್ಯವಾಗಿ ಮೆಚ್ಚಿದ್ದು ಎರಡು ಸಂಗತಿಗಳನ್ನು. ಮೊದಲನೆಯದು, ಅಲ್ಪ ವೆಚ್ಚದಲ್ಲಿ ಬರವಣಿಗೆಯನ್ನು ಕಲಿಸುವುದು. ಎರಡನೆಯದು, ಮುಂದೆ ಹೋದ ಮಗುವು ಹಿಂದೆ ಇರುವ ಮಗುವಿಗೆ ಕಲಿಸುವುದು. ಆದರೆ ದೋಷಗಳನ್ನೂ ಅವರು ಮುಚ್ಚಿಡಲಿಲ್ಲ. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಆಡುಮಾತಿಗೆ ದೂರವಾಗಿದ್ದುದರಿಂದ ಅರ್ಥವನ್ನರಿಯದೆ ಗಿಳಿಗಳಂತೆ ಒಪ್ಪಿಸುತ್ತಿದ್ದರೆಂದು ಬರೆದರು. ಬಡತನ ಹೆಚ್ಚಿದಂತೆ ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿ ದುಡಿಮೆಗೆ ಹಚ್ಚುತ್ತಿದ್ದರೆಂದೂ ಅದರಿಂದ ಶಾಲೆಗಳು ಕ್ಷೀಣಿಸುತ್ತಿದ್ದವೆಂದೂ ತಿಳಿಸಿದರು. ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಈ ಅಂಕಿಯನ್ನು ಓದುವಾಗ ಮನಸ್ಸು ಮುದುಡುತ್ತದೆ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದುದರ ಮಹತ್ವವು ಈ ಅಂಕಿಯನ್ನು ಎದುರಿಗಿಟ್ಟುಕೊಂಡಾಗಲೇ ಪೂರ್ಣವಾಗಿ ತಿಳಿಯುವುದು.

ಮರಳಿನ ಪಾಠದ ಕೀರ್ತಿ ಕಡಲನ್ನೂ ದಾಟಿತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮದ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಆಂಗ್ಲಿಕನ್ ಪಾದ್ರಿ ಆಂಡ್ರೂ ಬೆಲ್ ಅವರು ಒಂದು ಜಗಲಿ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಬೆರಗಾದರು. ತಮ್ಮ ಶಾಲೆಯಲ್ಲಿ ಅದನ್ನು ಜಾರಿಗೆ ತರಲು ಹೊರಟಾಗ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವರು ಎಂಟು ವರುಷದ ಒಬ್ಬ ಹುಡುಗನನ್ನೇ ಅಕ್ಷರ ಕಲಿಸಲು ನೇಮಿಸಿದರು. ಆ ಹುಡುಗನು ಚೆನ್ನಾಗಿಯೇ ಕಲಿಸಿದನು. ಈ ಪ್ರಯೋಗವನ್ನು ಬೆಲ್ ಅವರು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದ ಮೇಲೆ ಅದು ಮದರಾಸು ಪದ್ಧತಿಯೆಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ನಾವು ಪರದೇಶದಿಂದ ಕಲಿತುದು ಬಹಳವಿದೆ; ಪರದೇಶವು ನಮ್ಮ ಜಗಲಿಯ ಮಕ್ಕಳಿಂದ ಕಲಿತುದೂ ಇದೆ.

ಫ್ರಾನ್ಸ್ ದೇಶದ ಗುರುವರ್ಯರು

ಬಳ್ಳಾರಿಯ ಈ ವರದಿಗೆ ಸುಮಾರು ನೂರ ನಲವತ್ತು ವರುಷಗಳ ಹಿಂದೆ ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ ಇನ್ನೊಂದು ಮಹತ್ಕಾರ್ಯ ಆರಂಭವಾಗಿತ್ತು. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರು 1651ರಲ್ಲಿ ಸಿರಿವಂತ ಮನೆತನದಲ್ಲಿ ಜನಿಸಿದವರು, ಪ್ರಧಾನಾಲಯದ ಕ್ಯಾನನ್ ಪದವಿಯಲ್ಲಿದ್ದವರು. ಬಡವರ ಮಕ್ಕಳಿಗೆ ಕಲಿಸುತ್ತಿದ್ದ ಉಪಾಧ್ಯಾಯರೊಡನೆ ಬಾಳುವುದಕ್ಕಾಗಿ 1683ರಲ್ಲಿ ಆ ಪದವಿಯನ್ನು ತ್ಯಜಿಸಿದರು. ಮರುವರುಷದ ಕ್ಷಾಮದಲ್ಲಿ ತಮ್ಮ ಆಸ್ತಿಯನ್ನು ಹಸಿದವರಿಗೆ ಹಂಚಿದರು. ಅವರು ಸ್ಥಾಪಿಸಿದ ಕ್ರೈಸ್ತ ಶಾಲೆಗಳ ಸಹೋದರರ ಸಂಘವು ಮುಂದೆ ಲೋಕದ ಎಲ್ಲ ಕಡೆಗಳಲ್ಲಿ ಬೇರೂರಿತು. 1719ರಲ್ಲಿ ದೈವಾಧೀನರಾದ ಅವರನ್ನು ಧರ್ಮಸಭೆಯು 1900ರಲ್ಲಿ ಸಂತರ ಶ್ರೇಣಿಗೆ ಏರಿಸಿ, 1950ರಲ್ಲಿ ಸಮಸ್ತ ಉಪಾಧ್ಯಾಯರ ಪಾಲಕರೆಂದು ಸಾರಿತು.

ಅವರ ಶಾಲೆಗಳ ನಡಾವಳಿಯನ್ನು ವಿವರಿಸುವ ಗ್ರಂಥವು ಅವರ ಮರಣಾನಂತರ 1720ರಲ್ಲಿ ಅಚ್ಚಾಯಿತು. ಅದನ್ನು ಓದಿದವರಿಗೆ ಚಿಕ್ಕ ಮಕ್ಕಳ ವಾರವು ಕಣ್ಣಿಗೆ ಕಟ್ಟುತ್ತದೆ. ಅಂದಿನವರೆಗೆ ಉಪಾಧ್ಯಾಯರು ಒಂದೊಂದೇ ಮಗುವನ್ನು ಬಳಿಗೆ ಕರೆದು ಪಾಠ ಹೇಳುತ್ತಿದ್ದರು; ಉಳಿದ ಮಕ್ಕಳು ತಮ್ಮ ಸರದಿ ಬರುವವರೆಗೆ ಸುಮ್ಮನೆ ಕುಳಿತಿರಬೇಕಿತ್ತು. ಸಂತರು ಸಮಾನ ತಿಳಿವಳಿಕೆಯ ಮಕ್ಕಳನ್ನು ಒಂದೊಂದು ಸಾಲಿನಲ್ಲಿ ಕೂಡಿಸಿ, ಒಬ್ಬನು ಓದುವಾಗ ಆ ಪಾಠದವರೆಲ್ಲರೂ ಮೆಲುದನಿಯಲ್ಲಿ ಅನುಸರಿಸುವಂತೆ ಏರ್ಪಡಿಸಿದರು. ಮೊದಲು ಗೋಡೆಗೆ ತೂಗುಹಾಕಿದ ಅಕ್ಷರಪಟ, ಬಳಿಕ ಕಾಗುಣಿತದಂತಹ ಪಟ, ಆಮೇಲೆ ಪುಸ್ತಕ. ತಿಂಗಳ ಕೊನೆಗೊಮ್ಮೆ ಪರೀಕ್ಷಿಸಿ, ಕಲಿತವರನ್ನು ಮುಂದಿನ ಪಾಠಕ್ಕೆ ಏರಿಸುವುದು. ದಿನವೂ ಅರ್ಧ ಗಂಟೆ ಜ್ಞಾನೋಪದೇಶ, ಭಾನುವಾರ ಒಂದೂವರೆ ಗಂಟೆ. ಬೇರೆ ಹಬ್ಬವಿಲ್ಲದ ವಾರಗಳಲ್ಲಿ ಗುರುವಾರ ಪೂರ್ಣ ರಜೆ.

ಈ ಗ್ರಂಥದ ಮೂರು ಸಂಗತಿಗಳು ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದಿವೆ. ಮೊದಲನೆಯದು, ಮಕ್ಕಳ ಕೈಗೆ ಕೊಟ್ಟ ಅಧಿಕಾರಗಳು. ಪ್ರಾರ್ಥನೆ ಹೇಳಿಕೊಡುವವನು, ಗಂಟೆ ಬಾರಿಸುವವನು, ಜಪಮಾಲೆಗಳನ್ನು ಹಂಚುವವನು, ಗುಡಿಸುವವನು, ಬೀಗದ ಕೈಯನ್ನು ಕಾಯುವವನು, ಹೀಗೆ ಪ್ರತಿಯೊಂದಕ್ಕೂ ಒಬ್ಬೊಬ್ಬ ಬಾಲಕ. ಶಾಲೆಗೆ ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸುವುದಕ್ಕೂ, ಕಾಯಿಲೆ ಬಿದ್ದವರಿಗೆ ಸಮಾಧಾನ ಹೇಳುವುದಕ್ಕೂ ಬಾಲಕರೇ ನೇಮಕವಾಗಿದ್ದರು.

ಎರಡನೆಯದು, ಬೆಳಗಿನ ಉಪಾಹಾರ. ಮಕ್ಕಳು ತಂದ ರೊಟ್ಟಿಯನ್ನು ತರಗತಿಯಲ್ಲಿಯೇ ತಿನ್ನುತ್ತಿದ್ದರು. ಮಿಕ್ಕುದನ್ನು ಒಂದು ಬುಟ್ಟಿಯಲ್ಲಿ ಹಾಕಿದರೆ ಅದನ್ನು ತರಗತಿಯ ಬಡ ಮಕ್ಕಳಿಗೆ ಹಂಚಲಾಗುತ್ತಿತ್ತು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಸಂತರು ಬಲ್ಲವರಾಗಿದ್ದರು. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟವರೂ ಇದೇ ಮರ್ಮವನ್ನು ಬಲ್ಲವರು.

ಮೂರನೆಯದು ಭಾಷೆ. ಅಂದಿನ ಶಾಲೆಗಳಲ್ಲಿ ಮಗುವು ಮೊದಲು ಲತೀನ್ ಓದಬೇಕಿತ್ತು. ಸಂತರು ಆ ಕ್ರಮವನ್ನು ಬದಲಿಸಿ ಮೊದಲು ಫ್ರೆಂಚ್, ಬಳಿಕ ಲತೀನ್ ಎಂದು ವಿಧಿಸಿದರು. ಅವರ ತರ್ಕ ಸರಳವಾದುದು: ಬಡವರ ಮಕ್ಕಳು ಶಾಲೆಯಲ್ಲಿ ಬಹಳ ಕಾಲ ಉಳಿಯುವುದಿಲ್ಲ, ಲತೀನನ್ನು ಅರೆಬರೆ ಕಲಿತು ಹೊರಟರೆ ಎರಡೂ ಬಾರವು, ಆಡುವ ಭಾಷೆಯನ್ನು ಓದಲು ಕಲಿತವನು ಅದರ ಬಲದಿಂದ ಇನ್ನೊಂದನ್ನು ಸುಲಭವಾಗಿ ಕಲಿಯುವನು. ಲತೀನ್ ಪವಿತ್ರ ಭಾಷೆಯೆಂದು ಗೌರವಿಸುತ್ತಿದ್ದ ಗುರುಗಳೊಬ್ಬರು ಮಗುವಿನ ಹಿತಕ್ಕಾಗಿ ಈ ನಿರ್ಣಯವನ್ನು ಕೈಗೊಂಡರೆಂಬುದನ್ನು ಮರೆಯಲಾಗದು.

ಏಳು ವರುಷದ ಮಗು

ನಮ್ಮ ಧರ್ಮಸಭೆಯ ಇತಿಹಾಸದಲ್ಲಿ ಚಿಕ್ಕ ತರಗತಿಗೆ ಹೊಸ ಗೌರವ ದೊರೆತದ್ದು ಸಂತ ಹತ್ತನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ. ಅವರು 1905ರ ಏಪ್ರಿಲ್ 15ರಂದು ಹೊರಡಿಸಿದ ಪತ್ರದಲ್ಲಿ, ಪ್ರತಿ ಧರ್ಮಕೇಂದ್ರದ ಗುರುಗಳು ಭಾನುವಾರಗಳಲ್ಲಿಯೂ ಹಬ್ಬಗಳಲ್ಲಿಯೂ ಬಾಲಕ ಬಾಲಕಿಯರಿಗೆ ಒಂದು ಗಂಟೆಯ ಕಾಲ ಜ್ಞಾನೋಪದೇಶ ಮಾಡತಕ್ಕದ್ದೆಂದು ವಿಧಿಸಿದರು. ಆ ಮೇಲೆ 1910ರ ಆಗಸ್ಟ್ 8ರಂದು ಹೊರಟ ಆಜ್ಞೆಯು ಇನ್ನೂ ದೊಡ್ಡ ಬದಲಾವಣೆಯನ್ನು ತಂದಿತು. ಅದಕ್ಕೆ ಮೊದಲು ಅನೇಕ ಕಡೆಗಳಲ್ಲಿ ಮಕ್ಕಳು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರುಷದವರಾಗುವವರೆಗೂ ಪರಮಪ್ರಸಾದಕ್ಕಾಗಿ ಕಾಯಬೇಕಿತ್ತು. ವಿವೇಕ ಮೂಡುವ ವಯಸ್ಸು, ಅಂದರೆ ಸುಮಾರು ಏಳನೆಯ ವರುಷವೇ, ಪಾಪನಿವೇದನೆಗೂ ಪರಮಪ್ರಸಾದಕ್ಕೂ ತಕ್ಕ ಕಾಲವೆಂದು ಜಗದ್ಗುರುಗಳು ನಿರ್ಣಯಿಸಿದರು. ಮಗುವು ಜ್ಞಾನೋಪದೇಶದ ಪುಸ್ತಕವನ್ನೆಲ್ಲ ಕಂಠಪಾಠ ಮಾಡಿರಬೇಕೆಂಬ ನಿರ್ಬಂಧವಿಲ್ಲ. ಸಾಧಾರಣ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದವನ್ನು ಅರಿತು, ತನ್ನ ವಯಸ್ಸಿಗೆ ತಕ್ಕ ಭಕ್ತಿಯಿಂದ ಸ್ವೀಕರಿಸಿದರೆ ಸಾಕೆಂದು ಅವರು ಬೋಧಿಸಿದರು.

ಇದರ ಫಲವಾಗಿ ಅಕ್ಷರ ಕಲಿಯುವ ವಯಸ್ಸೂ ಪ್ರಥಮ ಪರಮಪ್ರಸಾದಕ್ಕೆ ಅಣಿಯಾಗುವ ವಯಸ್ಸೂ ಒಂದಾದವು. ಒಂದನೆಯ ಎರಡನೆಯ ತರಗತಿಯ ಮಗುವನ್ನು ಹಿರಿಯರು ಏನೂ ತಿಳಿಯದ ಕೂಸೆಂದು ಬದಿಗೊತ್ತುವಂತಿಲ್ಲ. ಅರ್ಥವಾಗದುದನ್ನು ಸಾವಿರ ಸಲ ಒಪ್ಪಿಸುವುದಕ್ಕಿಂತ ಅರ್ಥವಾದುದನ್ನು ಒಂದು ಸಲ ಆಡುವುದು ಮೇಲು ಎಂಬ ಪಾಠ ಶಾಲೆಯ ಉಪಾಧ್ಯಾಯರಿಗೂ ಸಲ್ಲುವಂಥದು.

ಮರಳು ಕಾಗದದ ಅಕ್ಷರಗಳು

ಇಟಲಿಯ ವೈದ್ಯೆ ಮರಿಯಾ ಮೊಂಟೆಸೊರಿ ಅವರು 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆನ್ಸೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದರು. ಅವರು ಒರಟಾದ ಮರಳು ಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ, ಮಗುವು ಬೆರಳಿನಿಂದ ಅವುಗಳ ಮೇಲೆ ತಿದ್ದುವಂತೆ ಮಾಡಿದರು. ಕಣ್ಣು ನೋಡುವುದನ್ನು ಬೆರಳು ಮುಟ್ಟಿ ತಿಳಿಯಬೇಕು ಎಂಬುದು ಅವರ ತತ್ವ. ನಮ್ಮ ಐಗಳ ಮಠದ ಮರಳೇ ರೂಪ ಬದಲಿಸಿ ಬಂದಿತೋ ಎನ್ನಿಸುವಷ್ಟು ಇವೆರಡಕ್ಕೂ ಸಾಮ್ಯವಿದೆ. ಮೂರು ವರುಷಗಳ ಅಂತರದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸುವುದು ಅವರ ಪದ್ಧತಿಯ ಇನ್ನೊಂದು ವಿಶೇಷ. ಕಿರಿಯರು ಹಿರಿಯರನ್ನು ನೋಡಿ ಕಲಿಯುವರು, ಹಿರಿಯರು ಕಿರಿಯರಿಗೆ ಹೇಳಿಕೊಡುತ್ತ ತಾವು ಕಲಿತುದನ್ನು ಗಟ್ಟಿಮಾಡಿಕೊಳ್ಳುವರು.

ಕಥೋಲಿಕರಾಗಿದ್ದ ಅವರು ಧರ್ಮಬೋಧೆಗೂ ಈ ಕ್ರಮವನ್ನು ಅನ್ವಯಿಸಿದರು. ಸ್ಪೇನಿನ ಬಾರ್ಸೆಲೋನಾದಲ್ಲಿ ಮಕ್ಕಳು ತಾವೇ ಗೋಧಿಯನ್ನು ಬಿತ್ತಿ ದ್ರಾಕ್ಷಿಬಳ್ಳಿಯನ್ನು ಬೆಳೆಸಿ ಬಲಿಪೂಜೆಯ ಕಾಣಿಕೆಗಳ ಅರ್ಥವನ್ನು ಗ್ರಹಿಸಿದರು. ಅವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದರು. ಮಹಾಯುದ್ಧದ ಕಾರಣದಿಂದ ಹಲವು ವರುಷ ಈ ದೇಶದಲ್ಲಿಯೇ ನಿಂತು, ಕೊಡೈಕೆನಾಲಿನಲ್ಲಿಯೂ ಮಕ್ಕಳೊಡನೆ ತಮ್ಮ ಪ್ರಯೋಗಗಳನ್ನು ನಡೆಸಿ, ಉಪಾಧ್ಯಾಯರಿಗೆ ತರಬೇತಿಯನ್ನಿತ್ತರು.

ನಮ್ಮ ಕನ್ನಡ ನಾಡೂ ಸುಮ್ಮನಿರಲಿಲ್ಲ. ಬಾಸೆಲ್ ಮಿಷನ್ನಿನ ಸಹೋದರರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಶಾಲೆಯ ಪುಸ್ತಕಗಳನ್ನು ಅಚ್ಚುಹಾಕಿದರು. ಉಪಾಧ್ಯಾಯರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳ ಬಾಯಿಗೆ ಒಗ್ಗುವ ಹಾಡುಗಳನ್ನೂ ಕಥೆಗಳನ್ನೂ ಬರೆದುಕೊಟ್ಟರು. ಅವರ ನಾಗರಹಾವಿನ ಹಾಡನ್ನು ಕುಣಿಕುಣಿದು ಹಾಡದ ಕನ್ನಡ ಮಗು ಯಾವುದಿದೆ? ಕ್ಯಾಂಬೆಲ್ ಅವರು ದೂರಿದ ಕೊರತೆಯನ್ನು, ಅಂದರೆ ಅರ್ಥವಾಗದ ಪದ್ಯವನ್ನು ಒಪ್ಪಿಸುವ ಕಷ್ಟವನ್ನು, ಇಂತಹ ಹಿರಿಯರು ನೀಗಿದರು.

ಅಗಸನೂ ಅರಸನೂ

ಚಿಕ್ಕ ತರಗತಿಯ ಚರಿತ್ರೆಯಲ್ಲಿ ನಮ್ಮ ರಾಜ್ಯದ್ದೇ ಆದ ಅಧ್ಯಾಯವೆಂದರೆ ನಲಿ–ಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಗಳಲ್ಲಿ 1995ರಲ್ಲಿ ಇದು ಆರಂಭವಾಯಿತು. ಅಲ್ಲಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ಕೈಯಿಂದಲೇ ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. 2009–10ರಲ್ಲಿ ಈ ವಿಧಾನವು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಲ್ಪಟ್ಟಿತು. ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾದ ಹಳ್ಳಿಶಾಲೆಯ ಕಷ್ಟದಿಂದಲೇ ಹುಟ್ಟಿದ ಪದ್ಧತಿಯಿದು.

ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಕಲಿಯಬೇಕಾದುದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ ಕಲಿಕಾ ಏಣಿಯೊಂದನ್ನು ಗೋಡೆಗೆ ಹಾಕಿರುತ್ತಾರೆ. ಮಗುವು ತಾನು ನಿಂತ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ತಕ್ಕ ಕಾರ್ಡನ್ನು ತಾನೇ ಆರಿಸಿಕೊಳ್ಳುತ್ತದೆ. ಮಕ್ಕಳು ಐದು ಗುಂಪುಗಳಲ್ಲಿ ವೃತ್ತಾಕಾರವಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರದು ಒಂದು ಗುಂಪು, ಸ್ವಲ್ಪ ನೆರವು ಸಾಕಾದವರದು ಇನ್ನೊಂದು. ಸಹಪಾಠಿಗಳ ನೆರವಿನಿಂದ ಕಲಿಯುವವರದು ಹೀಗೆಯೇ ಎರಡು. ತಾವಾಗಿಯೇ ಕಲಿಯುವವರದು ಐದನೆಯದು. ಕಾಯಿಲೆಯಿಂದಲೋ ಸುಗ್ಗಿಯ ಕೆಲಸದಿಂದಲೋ ವಾರಗಟ್ಟಲೆ ತಪ್ಪಿಸಿಕೊಂಡ ಮಗುವು ಹಿಂದಿರುಗಿದಾಗ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಪಾಠ ಹೋಯಿತೆಂದು ಅಳಬೇಕಾಗಿಲ್ಲ. ತಲೆಯ ಮೇಲೆ ಕಟ್ಟಿದ ದಾರಗಳ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು, ಕತ್ತರಿಸಿದ ಕಾಗದಗಳು ತೂಗಾಡುತ್ತಿರುತ್ತವೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಬಳಿದ ಕಪ್ಪು ಹಲಗೆ.

ಅಕ್ಷರಗಳ ಕ್ರಮವೂ ಹೊಸದು. ಅ ಆ ಇ ಈ ಎಂದು ವರ್ಣಮಾಲೆಯನ್ನು ಆರಂಭಿಸದೆ, ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲು ಕಲಿಸುತ್ತಾರೆ. ಐದೇ ಅಕ್ಷರ ಕಲಿತ ಮಗುವು ಸರ, ದರ, ಗರಗಸ, ಅಗಸ, ಅರಸ ಎಂಬ ಶಬ್ದಗಳನ್ನು ಓದಬಲ್ಲದು. ಐವತ್ತು ಅಕ್ಷರಗಳು ಮುಗಿಯುವವರೆಗೆ ಕಾಯದೆ ಕೆಲವೇ ದಿನಗಳಲ್ಲಿ ಓದಿನ ರುಚಿ ಹತ್ತುತ್ತದೆ. ಅಗಸನಿಗೂ ಅರಸನಿಗೂ ನಡುವೆ ಇರುವುದು ಒಂದೇ ಅಕ್ಷರದ ಅಂತರ ಎಂಬುದನ್ನು ಮಗುವು ಶಾಲೆಯ ಮೊದಲ ತಿಂಗಳಲ್ಲಿಯೇ ಕಂಡುಕೊಳ್ಳುವುದು ನಮಗೆ ಬಹಳ ಸೊಗಸಾಗಿ ತೋರಿದೆ. ಇದನ್ನು ದೊಡ್ಡವರಾದ ಮೇಲೂ ನೆನಪಿನಲ್ಲಿಟ್ಟುಕೊಂಡರೆ ನಮ್ಮ ಸಮಾಜ ಎಷ್ಟೋ ಮೇಲಾಗುತ್ತಿತ್ತು.

ಬರೇ ಆಟವಾಯಿತು, ಪಠ್ಯಪುಸ್ತಕವಿಲ್ಲ, ಶಿಸ್ತಿಲ್ಲ ಎಂದು ತಂದೆತಾಯಿಗಳು ಆಕ್ಷೇಪಿಸುವುದುಂಟು. ಉತ್ಸಾಹವಿಲ್ಲದ ಕೈಗಳಲ್ಲಿ ಕಾರ್ಡುಗಳೂ ಧೂಳು ತಿನ್ನುತ್ತವೆ ಎಂಬುದು ನಿಜವೇ. ಪದ್ಧತಿಯು ದೀಪವಿದ್ದಂತೆ, ಎಣ್ಣೆಯನ್ನು ಉಪಾಧ್ಯಾಯರೇ ಎರೆಯಬೇಕು.

ನಮ್ಮ ತರಗತಿಯ ಒಂದು ವಾರ

ನಮ್ಮ ಶಾಲೆಯ ಚಿಕ್ಕ ತರಗತಿಯಲ್ಲಿ ಈ ಎಲ್ಲ ಕಾಲಗಳ ಪಾಠಗಳೂ ಬೆರೆತುಹೋಗಿವೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ಆ ವಾರದ ಸರದಿಯ ಮಗುವು ಹವಾಮಾನ ಪಟದ ಮುಂದೆ ನಿಂತು ಮೋಡವೋ ಬಿಸಿಲೋ ಎಂಬುದನ್ನು ಹೊರಗೆ ಇಣುಕಿ ನೋಡಿ ಗುರುತು ಹಾಕುತ್ತದೆ. ಗಂಟೆ ಬಾರಿಸುವವರು, ಗಿಡಗಳಿಗೆ ನೀರೆರೆಯುವವರು, ಬಾರದವರನ್ನು ವಿಚಾರಿಸುವವರು ಅಂದೇ ಬದಲಾಗುತ್ತಾರೆ. ಮಂಗಳವಾರ ಹುಣಸೆಬೀಜಗಳ ಲೆಕ್ಕ. ಹತ್ತು ಕಡ್ಡಿಗಳಿಗೆ ಒಂದು ಕಟ್ಟು ಎಂದು ದಾರ ಸುತ್ತುವಾಗ ಹತ್ತರ ಸ್ಥಾನವು ಬೆರಳಿಗೆ ತಿಳಿಯುತ್ತದೆ. ಬುಧವಾರ ದೇವಾಲಯದ ಅಂಗಳದಲ್ಲಿ ಸುತ್ತಾಟ. ಮಾವು, ಹಲಸು, ದಾಸವಾಳಗಳ ಎಲೆಗಳನ್ನು ಆರಿಸಿ ತಂದು ಆಕಾರಕ್ಕೆ ತಕ್ಕಂತೆ ವಿಂಗಡಿಸುವರು. ಗುರುವಾರ ಕಥೆಯ ದಿನ. ಅಂದು ಕಥೆ ಹೇಳುವವರು ಮಕ್ಕಳು, ಕೇಳುವವರು ಶಿಕ್ಷಕಿ. ಶುಕ್ರವಾರ ಜೇಡಿಮಣ್ಣು, ಬಣ್ಣ, ಚಪ್ಪರಕ್ಕೆ ಹೊಸ ತೋರಣ. ಶನಿವಾರ ಬೆಳಗಿನ ಶಾಲೆ. ಕವಾಯತು, ಹಾಡು, ತರಗತಿಯನ್ನು ಗುಡಿಸುವುದು. ಭಾನುವಾರ ಬಲಿಪೂಜೆಯ ತರುವಾಯ ನಮ್ಮ ಕ್ರೈಸ್ತ ಮಕ್ಕಳು ಅದೇ ಕೋಣೆಯಲ್ಲಿ ಕುಳಿತು ಜ್ಞಾನೋಪದೇಶವನ್ನು ಕೇಳುತ್ತಾರೆ. ವಾರದ ದಿನಗಳಲ್ಲಿ ಆ ಕೋಣೆ ಎಲ್ಲ ಮತದ ಮಕ್ಕಳದು. ಹಾಗಿರುವುದೇ ನಮಗೆ ಹೆಮ್ಮೆ.

ಕೂಲಿಗಾಗಿ ದೂರದಿಂದ ವಲಸೆ ಬಂದ ಕುಟುಂಬವೊಂದರ ಹೆಣ್ಣುಮಗುವು ಈ ತರಗತಿಗೆ ಸೇರಿದಾಗ ಕನ್ನಡದ ಒಂದು ಮಾತನ್ನೂ ಅರಿಯದು. ಶಿಕ್ಷಕಿಗೆ ಅದರ ಭಾಷೆ ಬಾರದು. ಎರಡನೆಯ ತರಗತಿಯ ಬಾಲಕಿಯೊಬ್ಬಳು ಅದನ್ನು ತನ್ನ ಬದಿಯಲ್ಲಿ ಕೂಡಿಸಿಕೊಂಡು, ವಸ್ತುಗಳನ್ನು ಮುಟ್ಟಿ ತೋರಿಸಿ ಹೆಸರು ಹೇಳುತ್ತ, ಆಟದಲ್ಲಿ ಕೈಹಿಡಿದು ಎಳೆದೊಯ್ಯುತ್ತ, ದಿನದಿನಕ್ಕೆ ಮಾತನ್ನು ಕಲಿಸಿದಳು. ವರುಷ ತಿರುಗುವಷ್ಟರಲ್ಲಿ ಗುರುವಾರದ ಕಥೆಗೆ ಆ ಮಗುವೇ ಎದ್ದು ನಿಂತಿತು. ಅರುವತ್ತು ಮಕ್ಕಳ ತರಗತಿಯಲ್ಲಿ ಇದು ಸಾಧ್ಯವಾಗುತ್ತಿತ್ತೇ ಎಂಬುದನ್ನು ಓದುಗರೇ ವಿಚಾರಿಸಲಿ.

ಮಹಾಮಾರಿಯ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯವರೆಗಿನ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ದೊಡ್ಡ ಮಕ್ಕಳು ದೂರವಾಣಿಯ ಪರದೆಯ ಮುಂದೆ ಕುಳಿತು ಅಷ್ಟಿಷ್ಟು ಕಲಿತರು. ಚಿಕ್ಕ ಮಕ್ಕಳಿಗಾದರೋ ಅದು ಒಗ್ಗಲಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯನ ಹಲಗೆಯನ್ನು ಇಣುಕಿ ನೋಡದೆ, ಶಿಕ್ಷಕಿಯ ಕೈ ತಮ್ಮ ಕೈಯನ್ನು ಹಿಡಿದು ತಿದ್ದಿಸದೆ, ಆ ವಯಸ್ಸಿನವರು ಕಲಿಯಲಾರರೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಮುಂದಿನ ದಾರಿ

ಹಾಗಾದರೆ ತಂದೆತಾಯಿಗಳು ಈ ಶಾಲೆಯನ್ನು ಬಿಟ್ಟು ಹೋಗುತ್ತಿರುವುದೇಕೆ? ಇಂಗ್ಲಿಷ್ ಬೇಕೆಂಬ ಹಂಬಲದಿಂದ. 1994ರಲ್ಲಿ ಕರ್ನಾಟಕ ಸರಕಾರವು ನಾಲ್ಕನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಮಾಡಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ಆಯ್ಕೆಯು ತಂದೆತಾಯಿಗಳದೆಂದು ತೀರ್ಪಿತ್ತಿತು. ಮಕ್ಕಳ ಪ್ರಥಮ ಶಿಕ್ಷಕರು ತಂದೆತಾಯಿಗಳೇ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದ ಮಾತೂ ಹೌದು. ಆದುದರಿಂದ ಯಾರನ್ನೂ ನಾವು ಒತ್ತಾಯಿಸುವಂತಿಲ್ಲ, ದೂಷಿಸುವಂತೆಯೂ ಇಲ್ಲ. ಕೂಲಿ ಮಾಡಿ ಮಕ್ಕಳಿಗೆ ಶುಲ್ಕ ಕಟ್ಟುವ ತಾಯಿಯ ಆಸೆ ಗೌರವಕ್ಕೆ ಪಾತ್ರವಾದುದು.

ಆದರೆ ಆಯ್ಕೆ ಮಾಡುವವರು ತಿಳಿದು ಆಯ್ಕೆ ಮಾಡಲಿ. ಇಂಗ್ಲಿಷನ್ನು ಒಂದು ಭಾಷೆಯಾಗಿ ಒಂದನೆಯ ತರಗತಿಯಿಂದಲೇ ಕಲಿಸುವ ಕ್ರಮ ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007ರಿಂದಲೇ ಬಂದಿದೆ. ನಮ್ಮ ಮನೆಗಳಲ್ಲಿ ಕೆಲವರದು ಕೊಂಕಣಿ, ಕೆಲವರದು ತಮಿಳು, ಕೆಲವರದು ತುಳು. ಆದರೂ ಬೀದಿಯಲ್ಲಿ, ಸಂತೆಯಲ್ಲಿ, ಆಟದ ಬಯಲಿನಲ್ಲಿ ಈ ಮಕ್ಕಳ ಕಿವಿಗೆ ನಿತ್ಯವೂ ಬೀಳುವುದು ಕನ್ನಡ. ಕೇಳಿ ಪಳಗಿದ ಭಾಷೆಯಲ್ಲಿ ಓದು ಬರಹವನ್ನು ಗಟ್ಟಿಮಾಡಿಕೊಂಡು, ಆ ಬಲದಿಂದ ಬೇರೆ ಭಾಷೆಗೆ ಏರಲಿ ಎಂಬುದೇ ಸಂತ ಲಾಸಾಲರು ಮುನ್ನೂರು ವರುಷಗಳ ಹಿಂದೆ ತೋರಿದ ದಾರಿ.

ಮಕ್ಕಳು ಕಡಿಮೆಯೆಂಬುದು ಎರಡನೆಯ ಆಕ್ಷೇಪ. ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಖರ್ಚಿನ ಲೆಕ್ಕದಲ್ಲಿ ನಷ್ಟವೇ ಸರಿ. ಕಲಿಕೆಯ ಲೆಕ್ಕದಲ್ಲಿ ಅದು ನಷ್ಟವಲ್ಲ. ಬಳ್ಳಾರಿಯ ಐಗಳ ಮಠಗಳೂ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳೂ ಇದನ್ನೇ ಹೇಳುತ್ತವೆ. ಅವುಗಳಲ್ಲಿ ಕೊರತೆಯೆಂದು ಕಂಡ ಸ್ಥಿತಿಯಿಂದಲೇ, ಅಂದರೆ ಬೇರೆ ಬೇರೆ ವಯಸ್ಸಿನ ಕೆಲವೇ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿದ್ದರಿಂದಲೇ, ಒಬ್ಬರಿಂದ ಒಬ್ಬರು ಕಲಿಯುವ ಪದ್ಧತಿ ಮೈದಳೆಯಿತು.

ಈ ಹಬ್ಬದ ವರುಷದಲ್ಲಿ ನಮ್ಮ ಬಿನ್ನಹ ಇಷ್ಟೆ. ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಯೋಚಿಸುತ್ತಿರುವ ತಂದೆತಾಯಿಗಳು ಮೊದಲು ಒಂದು ವಾರ ನಮ್ಮ ತರಗತಿಗೆ ಬಂದು ಕುಳಿತು ನೋಡಲಿ. ನಿವೃತ್ತರಾದ ಉಪಾಧ್ಯಾಯ ಉಪಾಧ್ಯಾಯಿನಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರು ವಾರಕ್ಕೊಂದು ಗಂಟೆ ಬಂದು ಕಥೆ ಹೇಳಲಿ, ಕೈಹಿಡಿದು ಅಕ್ಷರ ತಿದ್ದಿಸಲಿ. ಅಜ್ಜ ಅಜ್ಜಿಯರು ತಮ್ಮ ಬಾಯಿಗೆ ಬರುವ ಒಗಟುಗಳನ್ನು ಮಕ್ಕಳಿಗೆ ದಾನ ಮಾಡಲಿ. ಪರವೂರುಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮೊದಲ ಅಕ್ಷರದ ಋಣವನ್ನು ನೆನೆದು ಮಕ್ಕಳ ಪುಸ್ತಕಗಳ ಒಂದು ಕಪಾಟನ್ನು ತುಂಬಿಸಲಿ. ಪಾಲನಾ ಮಂಡಳಿಯು ನಿರ್ಣಯವನ್ನು ಕೈಗೊಳ್ಳುವಾಗ ಆದಾಯ ವೆಚ್ಚದ ಪುಸ್ತಕದ ಜೊತೆಗೆ ಮಕ್ಕಳ ಪ್ರಗತಿಯ ಪಟವನ್ನೂ ಮೇಜಿನ ಮೇಲೆ ಬಿಡಿಸಿ ಇಡಲಿ.

ನಮ್ಮ ದೇವಾಲಯವನ್ನು ಕಟ್ಟಿದವರು ನೂರು ವರುಷಗಳ ಹಿಂದೆ ಅದರ ಬದಿಯಲ್ಲಿಯೇ ಶಾಲೆಗೂ ಜಾಗವನ್ನು ಬಿಟ್ಟರು. ಪೂಜೆಯ ಗಂಟೆಯೂ ಪಾಠದ ಗಂಟೆಯೂ ಒಂದೇ ಅಂಗಳದಲ್ಲಿ ಕೇಳಿಸಲಿ ಎಂಬುದೇ ಅವರ ಇಂಗಿತವಾಗಿದ್ದಿರಬೇಕು. ಚಿಕ್ಕ ಮಕ್ಕಳನ್ನು ತಮ್ಮ ಬಳಿಗೆ ಬರಗೊಟ್ಟ ಪ್ರಭು ಯೇಸುಕ್ರಿಸ್ತರು ಆ ಎರಡು ಗಂಟೆಗಳೂ ಮುಂದೆ ಬಹುಕಾಲ ಮೊಳಗುವಂತೆ ಅನುಗ್ರಹಿಸಲಿ. ಅಕ್ಷರ ಕಲಿಸುವ ಕೈಗಳನ್ನೂ ತಿದ್ದುವ ಪುಟ್ಟ ಬೆರಳುಗಳನ್ನೂ ಆಶೀರ್ವದಿಸಲಿ.